ರೀಡಿಂಗ್ ಮೊದಲು, ಉತ್ತರ ಆಮೇಲೆ

2025ರ ಜೂನ್ 12ರಂದು ಅಹಮದಾಬಾದ್‌ನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 787 ವಿಮಾನ ನೆಲಬಿಟ್ಟ ಸುಮಾರು ಅರ್ಧ ನಿಮಿಷಕ್ಕೆ ಬಿತ್ತು. ವಿಮಾನದಲ್ಲಿದ್ದ 241 ಮಂದಿ, ನೆಲದ ಮೇಲಿದ್ದ 19 ಮಂದಿ ಸತ್ತರು. ಬದುಕಿ ಬಂದ ಪ್ರಯಾಣಿಕ ಒಬ್ಬನೇ. ಸಂಜೆಯೊಳಗೆ ಯಾರೋ ಮೊಬೈಲಿನಲ್ಲಿ ಹಿಡಿದ ಮಸುಕು ವಿಡಿಯೊ ಎಲ್ಲರ ಕೈಗೂ ಬಂತು. ಅದನ್ನು ನಿಲ್ಲಿಸಿ, ಹಿಗ್ಗಿಸಿ, ರೆಕ್ಕೆಯ ಸುತ್ತ ಕೆಂಪು ವೃತ್ತ ಬರೆದು ‘ನೋಡಿ, ಫ್ಲ್ಯಾಪ್ ಇಳಿಸಿಯೇ ಇಲ್ಲ, ಪೈಲಟ್ ಮರೆತಿದ್ದಾರೆ’ ಎಂದು ತೀರ್ಪು ಕೊಡುವವರು ಟಿ.ವಿ.ಯಲ್ಲೂ ಇದ್ದರು, ಸಾಮಾಜಿಕ ಜಾಲತಾಣಗಳಲ್ಲೂ ಇದ್ದರು. ನಮ್ಮ ಮೆಕ್ಯಾನಿಕಲ್ ವಿಭಾಗದ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ರಾತ್ರಿ ಹನ್ನೊಂದರವರೆಗೆ ಇದೇ ಚರ್ಚೆ.

ಒಂದು ತಿಂಗಳ ನಂತರ, ಜುಲೈ 12ರಂದು, ವಿಮಾನ ಅಪಘಾತ ತನಿಖಾ ಬ್ಯೂರೊದ ಪ್ರಾಥಮಿಕ ವರದಿ ಹೊರಬಂತು. ಸುಟ್ಟು ಕರಕಲಾದ ಕಾಕ್‌ಪಿಟ್‌ನಲ್ಲಿ ಫ್ಲ್ಯಾಪ್ ಲಿವರ್ 5 ಡಿಗ್ರಿ ಸ್ಥಾನದಲ್ಲಿ ಗಟ್ಟಿಯಾಗಿ ಕೂತಿತ್ತು. ಅದು ಮೇಲೇರಲು ಇರಬೇಕಾದ ಸಾಮಾನ್ಯ ಸ್ಥಾನವೇ ಎಂದು ವರದಿ ಹೇಳಿತು. ವಿಮಾನದ ದತ್ತಾಂಶ ದಾಖಲೆಯೂ ಅದನ್ನೇ ಹೇಳುತ್ತಿತ್ತು. ವರದಿಯ ಮುಖ್ಯ ಅಂಶ ಬೇರೆಯೇ ಇತ್ತು: ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದರ ಹಿಂದೊಂದು, ಒಂದು ಸೆಕೆಂಡ್ ಅಂತರದಲ್ಲಿ ‘ಕಟ್ ಆಫ್’ ಸ್ಥಿತಿಗೆ ಹೋಗಿದ್ದವು. ಯಾಕೆ ಹೋದವು ಎಂಬುದಕ್ಕೆ ಆ ವರದಿ ಉತ್ತರ ಕೊಡಲಿಲ್ಲ. ಕೆಂಪು ವೃತ್ತ ಬರೆದವರು ಮಾತ್ರ ಮರುದಿನವೇ ಇಂಧನ ಸ್ವಿಚ್ಚಿನ ತಜ್ಞರಾದರು.

ಫ್ಲ್ಯಾಪ್ ಎಂಬ ಪದ ಜನರ ಬಾಯಲ್ಲಿ ಉಳಿಯಿತು, ಅದು ಏನು ಎಂಬುದು ಉಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಈ ವಿಷಯ ಬೆಳಗಾವಿಯವರಿಗೆ ದೂರದ್ದಲ್ಲ. ಏರ್‌ಬಸ್ ಎ320 ವಿಮಾನದ ಫ್ಲ್ಯಾಪ್‌ಗಳು ಹಿಂದಕ್ಕೂ ಕೆಳಕ್ಕೂ ಸರಿಯುವುದು ರೆಕ್ಕೆಯ ಅಡಿಯಲ್ಲಿರುವ ‘ಫ್ಲ್ಯಾಪ್ ಟ್ರ್ಯಾಕ್ ಬೀಮ್’ ಎಂಬ ತೊಲೆಯ ಮೇಲೆ. ಆ ತೊಲೆಗಳನ್ನು ಜೋಡಿಸಿ ಕಳಿಸುವುದು ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್. ನಮ್ಮದೇ ಜಿಲ್ಲೆಯ ಹತ್ತರಗಿಯಲ್ಲಿ, ಪುಣೆ ಹೆದ್ದಾರಿಯ ಬದಿಗಿರುವ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ, ಏರ್‌ಬಸ್, ಬೋಯಿಂಗ್‌ಗಳಿಗೆ ಹೋಗುವ ಬಿಡಿಭಾಗಗಳ ಫೋರ್ಜಿಂಗ್, ಮಶೀನಿಂಗ್, ಲೇಪನ ಎಲ್ಲವೂ ನಡೆಯುತ್ತದೆ. ಉದ್ಯಮಬಾಗ್, ಮಚ್ಛೆ ಕಡೆ ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ಮಾಡುವವರು ಮೊದಲಿನಿಂದಲೂ ಇದ್ದಾರೆ. ನನ್ನ ಜೊತೆ ಓದುತ್ತಿರುವವರಲ್ಲಿ ಕೆಲವರಾದರೂ ಇನ್ನೆರಡು ವರ್ಷಕ್ಕೆ ಇಂಥ ಒಂದು ಕಡೆ ಮೈಕ್ರೋಮೀಟರ್ ಹಿಡಿದು ನಿಂತಿರುತ್ತಾರೆ.

ಮೊದಲು ಫ್ಲ್ಯಾಪ್ ಏಕೆ ಬೇಕು ಎಂಬುದು. ರೆಕ್ಕೆಯ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮೇಲೆ ಗಂಟೆಗೆ 800 ಕಿ.ಮೀ. ದಾಟಿ ಹಾರುವ ವಿಮಾನ ಇಳಿಯುವಾಗ 250ರ ಆಸುಪಾಸಿಗೆ ಬರಬೇಕು. ವೇಗ ಮೂರರಲ್ಲೊಂದಕ್ಕೆ ಇಳಿದರೆ, ಗಾಳಿಯ ಸಾಂದ್ರತೆಯ ಮಾತನ್ನು ಬದಿಗಿಟ್ಟು ಬರೀ ವೇಗದ ಲೆಕ್ಕ ಹಿಡಿದರೂ, ಎತ್ತುವ ಬಲ ಒಂಬತ್ತರಲ್ಲೊಂದಕ್ಕೆ ಕುಸಿಯುತ್ತದೆ. ಆ ಕೊರತೆ ತುಂಬಲು ರೆಕ್ಕೆಯ ಹಿಂದಿನ ಅಂಚಿನಿಂದ ಫ್ಲ್ಯಾಪ್‌ಗಳೂ ಮುಂದಿನ ಅಂಚಿನಿಂದ ಸ್ಲ್ಯಾಟ್‌ಗಳೂ ಹೊರಬಂದು ರೆಕ್ಕೆಯನ್ನು ಅಗಲ ಮಾಡುತ್ತವೆ, ಇನ್ನಷ್ಟು ಬಾಗಿಸುತ್ತವೆ. ಅಂದರೆ ಒಂದೇ ವಿಮಾನಕ್ಕೆ ಎರಡು ಬಗೆಯ ರೆಕ್ಕೆ: ಓಡಲು ಒಂದು, ಇಳಿಯಲು ಇನ್ನೊಂದು.

ಅಪಾಯ ಇರುವುದೂ ಇಲ್ಲೇ. ಎರಡೂ ಕಡೆಯ ಫ್ಲ್ಯಾಪ್ ಹೊರಬರದಿದ್ದರೆ ವೇಗವಾಗಿ ಇಳಿಯಬೇಕಾಗುತ್ತದೆ. ಕಷ್ಟ, ಆದರೆ ಪೈಲಟ್‌ಗಳು ಅದಕ್ಕೆ ತಯಾರಿರುತ್ತಾರೆ. ಒಂದು ಕಡೆಯದು ಬಂದು ಇನ್ನೊಂದು ಕಡೆಯದು ನಿಂತರೆ ಬಲಗಡೆಗೊಂದು ಲೆಕ್ಕ, ಎಡಗಡೆಗೊಂದು ಲೆಕ್ಕ. ವಿಮಾನ ಒಂದು ಬದಿಗೆ ಉರುಳತೊಡಗುತ್ತದೆ. ರೆಕ್ಕೆಯ ತುದಿಯ ಏಲೆರಾನ್‌ಗಳಿಂದ ಅದನ್ನು ಸ್ವಲ್ಪ ಮಟ್ಟಿಗೆ ತಡೆಯಬಹುದು. ವ್ಯತ್ಯಾಸ ಒಂದು ಮಿತಿ ದಾಟಿದರೆ ಏಲೆರಾನ್ ಪೂರ್ತಿ ತಿರುಗಿಸಿದರೂ ಸಾಲದು. ಆದ್ದರಿಂದ ಆ ಮಿತಿಗಿಂತ ಬಹಳ ಮೊದಲೇ ಪತ್ತೆಯಾಗಬೇಕು.

ಪತ್ತೆ ಮಾಡುವ ಬಗೆ ತತ್ವದಲ್ಲಿ ಸರಳ. ಎ320ಯಲ್ಲಿ ಎರಡೂ ರೆಕ್ಕೆಗಳ ಫ್ಲ್ಯಾಪ್‌ಗಳನ್ನು ಓಡಿಸುವುದು ನಡುವೆ ಇರುವ ಒಂದೇ ಚಾಲಕ ಘಟಕ. ಅದರಲ್ಲಿ ಎರಡು ಹೈಡ್ರಾಲಿಕ್ ಮೋಟಾರು. ಅಲ್ಲಿಂದ ಎಡಕ್ಕೂ ಬಲಕ್ಕೂ ಉದ್ದನೆಯ ತಿರುಗುವ ಶಾಫ್ಟ್‌ಗಳು. ಶಾಫ್ಟ್ ಅಖಂಡವಾಗಿರುವ ತನಕ ಎರಡೂ ಕಡೆ ಒಂದೇ ಸಮ ಚಲನೆ. ಅದು ಯಂತ್ರವೇ ಕಾಯುವ ಶಿಸ್ತು. ಶಾಫ್ಟ್ ತುಂಡಾದರೆ ಶಿಸ್ತು ಮುರಿಯುತ್ತದೆ. ಅದಕ್ಕಾಗಿ ಶಾಫ್ಟ್‌ನ ಎರಡೂ ಕೊನೆಗಳಲ್ಲಿ, ರೆಕ್ಕೆಯ ತುದಿಯ ಕಡೆಗೆ, ‘ಎಷ್ಟು ತಿರುಗಿದೆ’ ಎಂದು ಹೇಳುವ ಸೆನ್ಸರ್‌ಗಳಿವೆ. ಎರಡು ಕಂಪ್ಯೂಟರುಗಳು ಎಡಗಡೆಯ ರೀಡಿಂಗನ್ನು ಬಲಗಡೆಯದರ ಜೊತೆಗೂ, ಪೈಲಟ್ ಕೇಳಿದ್ದರ ಜೊತೆಗೂ ಹೋಲಿಸುತ್ತಲೇ ಇರುತ್ತವೆ. ಹೊಂದದಿದ್ದರೆ, ಅಥವಾ ಶಾಫ್ಟ್ ಅತಿವೇಗದಲ್ಲಿ ತಿರುಗಿದರೆ, ಅಥವಾ ಯಾರೂ ಕೇಳದೆ ತಾನಾಗಿ ಚಲಿಸಿದರೆ, ರೆಕ್ಕೆಯ ತುದಿಯ ಬ್ರೇಕ್‌ಗಳು ಶಾಫ್ಟನ್ನು ಹಿಡಿದುಬಿಡುತ್ತವೆ. ಫ್ಲ್ಯಾಪ್ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಪರದೆಯ ಮೇಲೆ ಸಂದೇಶ ಬರುತ್ತದೆ.

ಈ ಬ್ರೇಕಿನ ಒಂದು ಗುಣ ನನಗೆ ತುಂಬಾ ಹಿಡಿಸಿದ್ದು. ಒಮ್ಮೆ ಹಿಡಿದರೆ ಆಕಾಶದಲ್ಲಿ ಅದನ್ನು ಬಿಡಿಸಲು ಪೈಲಟ್‌ಗೆ ಸಾಧ್ಯವಿಲ್ಲ. ಕೆಳಗಿಳಿದ ಮೇಲೆ ಮೆಕ್ಯಾನಿಕ್‌ಗಳು ಬಂದೇ ಬಿಡಿಸಬೇಕು. ‘ಒಮ್ಮೆ ಆಫ್ ಮಾಡಿ ಆನ್ ಮಾಡೋಣ’ ಎಂಬ ನಮ್ಮ ಮೊಬೈಲ್ ಬುದ್ಧಿಗೆ ಅಲ್ಲಿ ಜಾಗವಿಲ್ಲ. ಯಂತ್ರ ದೋಷವನ್ನು ರಿಪೇರಿ ಮಾಡಲು ಹೋಗುವುದಿಲ್ಲ. ಯಾವ ಕಡೆ ಸರಿ, ಯಾವ ಕಡೆ ತಪ್ಪು ಎಂದು ತೀರ್ಮಾನಿಸಲೂ ಹೋಗುವುದಿಲ್ಲ. ಎರಡು ರೀಡಿಂಗ್ ಹೊಂದುತ್ತಿಲ್ಲ, ಇನ್ನು ಮುಂದೆ ಹೋಗುವುದು ಬೇಡ ಎಂದಷ್ಟೇ ಹೇಳಿ ನಿಲ್ಲುತ್ತದೆ. ಟಿಳಕವಾಡಿಯಲ್ಲಿ ಇರುವವರಿಗೆ ಇದನ್ನು ವಿವರಿಸುವುದು ಸುಲಭ, ನಮ್ಮ ಆಯುಷ್ಯದ ಕಾಲುಭಾಗ ರೈಲ್ವೆ ಗೇಟಿನ ಮುಂದೆಯೇ ಹೋಗಿದೆ. ಇಂಟರ್‌ಲಾಕ್ ಮಾಡಿದ ಗೇಟಿನಲ್ಲಿ ಎರಡೂ ಕಡೆಯ ಕಂಬ ಪೂರ್ತಿ ಇಳಿದು ಬೀಗ ಬೀಳುವವರೆಗೆ ರೈಲಿಗೆ ಹಸಿರು ಸಿಗುವುದಿಲ್ಲ. ಒಂದು ಕಂಬ ಯಾರದೋ ಟೆಂಪೋಕ್ಕೆ ತಾಗಿ ನಿಂತರೆ ರೈಲು ದೂರದಲ್ಲೇ ಕಾಯುತ್ತದೆ. ಜನ ಬೈಯುತ್ತಾರೆ, ಆದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದರ್ಥ.

ಎಡ-ಬಲದ ವ್ಯತ್ಯಾಸದ ಜೊತೆ ಇನ್ನೊಂದು ಬಗೆಯ ತಪ್ಪು ಇದೆ: ಓರೆಯಾಗುವುದು. ಒಂದು ಫ್ಲ್ಯಾಪ್ ಹಲಗೆಯನ್ನು ಎರಡು ಕಡೆ ಹಿಡಿದು ತಳ್ಳುತ್ತಾರೆ. ಒಂದು ಕಡೆಯ ಹಿಡಿತ ಮುರಿದರೆ ಹಲಗೆ ಸೊಟ್ಟಗಾಗುತ್ತದೆ. ಖಾನಾಪುರದ ಮಳೆಗಾಲದಲ್ಲಿ ಉಬ್ಬಿದ ಮರದ ಡ್ರಾವರನ್ನು ಒಂದೇ ಮೂಲೆ ಹಿಡಿದು ಎಳೆದವರಿಗೆ ಇದು ಗೊತ್ತು. ಅದು ಹೊರಗೂ ಬಾರದು, ಒಳಗೂ ಹೋಗದು. ಶಾಫ್ಟ್‌ನ ಕೊನೆಯ ಸೆನ್ಸರ್‌ಗೆ ಇದು ಕಾಣುವುದಿಲ್ಲ, ಏಕೆಂದರೆ ಶಾಫ್ಟ್ ಸರಿಯಾಗಿಯೇ ತಿರುಗುತ್ತಿರುತ್ತದೆ. ಅದಕ್ಕೆ ಎ320ಯಲ್ಲಿ ಒಳಗಿನ ಫ್ಲ್ಯಾಪ್ ಮತ್ತು ಹೊರಗಿನ ಫ್ಲ್ಯಾಪ್‌ಗಳ ನಡುವೆ ಒಂದು ಜೋಡುಕೊಂಡಿ ಇದೆ. ಎರಡರ ಚಲನೆಯಲ್ಲಿ ಅತಿಯಾದ ವ್ಯತ್ಯಾಸ ಬಂದರೆ ಆ ಕೊಂಡಿಯ ಸೆನ್ಸರ್ ತಿಳಿಸುತ್ತದೆ. ಬೋಯಿಂಗ್ 737ರ ಹೊಸ ಪೀಳಿಗೆಯಲ್ಲಿ ಓರೆ ಹಿಡಿಯಲೆಂದೇ ಬೇರೆ ಸೆನ್ಸರ್‌ಗಳಿವೆ.

737ರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅದರ ಫ್ಲ್ಯಾಪ್ ಮಾಪಕದಲ್ಲಿ ಎಡಕ್ಕೊಂದು ಬಲಕ್ಕೊಂದು, ಎರಡು ಮುಳ್ಳು. ಎಲ್ಲ ಸರಿಯಿದ್ದರೆ ಒಂದರ ಮೇಲೊಂದು ಕೂತು ಒಂದೇ ಮುಳ್ಳಿನಂತೆ ಕಾಣುತ್ತವೆ. ಬೇರೆಯಾದರೆ ಕಂಪ್ಯೂಟರ್ ಹೈಡ್ರಾಲಿಕ್ ಒತ್ತಡವನ್ನು ತಪ್ಪಿಸಿ ಫ್ಲ್ಯಾಪನ್ನು ನಿಲ್ಲಿಸುತ್ತದೆ. ಹೈಡ್ರಾಲಿಕ್ ಕೆಟ್ಟಾಗ ಬಳಸಲು ವಿದ್ಯುತ್ ಮೋಟಾರಿನ ಬದಲಿ ವ್ಯವಸ್ಥೆಯೂ ಇದೆ. ಆದರೆ ಬದಲಿ ವ್ಯವಸ್ಥೆಯಲ್ಲಿ ಹಿಂಬದಿಯ ಫ್ಲ್ಯಾಪ್‌ಗಳಿಗೆ ಈ ಕಾವಲು ಇಲ್ಲ. ಆಗ ಕಾವಲು ಪೈಲಟ್‌ನ ಕಣ್ಣೇ: ಸ್ವಿಚ್ ಒತ್ತಿ ಹಿಡಿದು, ಮುಳ್ಳು ಎರಡಾಗುತ್ತಿವೆಯೇ ಎಂದು ನೋಡುತ್ತಿರಬೇಕು. ಇಷ್ಟೆಲ್ಲ ಎಲೆಕ್ಟ್ರಾನಿಕ್ಸ್ ಬಂದ ಮೇಲೂ ಕೊನೆಗೆ ಉಳಿದದ್ದು ಎರಡು ಮುಳ್ಳು ಮತ್ತು ನೋಡುವ ಒಬ್ಬ ಮನುಷ್ಯ.

ನಮ್ಮ ಓಣಿಯ ಕಾಕಾ ಒಬ್ಬರು ದೆಹಲಿಗೆ ಹೋಗಿಬಂದು ನನಗೆ ಒಂದು ವಿಡಿಯೊ ತೋರಿಸಿದರು. ಕಿಟಕಿ ಪಕ್ಕದ ಸೀಟು, ಇಳಿಯುವ ಹೊತ್ತು.

‘ನೋಡಪಾ, ನೀ ಇಂಜಿನಿಯರಿಂಗ್ ಓದಾಂವ. ಈ ತುದಿಗಿರೋ ತುಂಡು ಹೆಂಗ ಜೋತು ಬಿದ್ದದ ನೋಡು. ಒಳಗಿಂದು ಒಂದು ನಮೂನಿ, ಇದು ಒಂದು ನಮೂನಿ. ಯಾರಿಗೂ ಹೇಳಲಿಲ್ಲ ನಾ, ಜೀವ ಕೈಯಾಗ ಹಿಡಕೊಂಡು ಕುಂತಿದ್ದೆ.’

‘ಕಾಕಾ, ಅದು ಫ್ಲ್ಯಾಪ್ ಅಲ್ಲರಿ, ಏಲೆರಾನ್. ಫ್ಲ್ಯಾಪ್ ಇಳಿಸಿದಾಗ ಅದೂ ಸ್ವಲ್ಪ ಕೆಳಗ ಇಳೀತದ. ಹಂಗ ಇರಬೇಕಾದ್ದ ಅದು.’

‘ಹಂಗಂದ್ರ ಕೆಟ್ಟಿದ್ದಿಲ್ಲ?’

‘ಇಲ್ಲರಿ. ಆದ್ರ ಮುಂದಿನ ಸಲ ಏನರ ಕಂಡ್ರ ಸುಮ್ಮನ ಕೂಡಬ್ಯಾಡ್ರಿ, ಗಗನಸಖಿಗೆ ಹೇಳ್ರಿ.’

ಕಾಕಾ ನೋಡಿದ್ದು ಎ320ಯ ಸಹಜ ನಡವಳಿಕೆ. ಫ್ಲ್ಯಾಪ್ ಹೊರಬಂದಾಗ ಎರಡೂ ಕಡೆಯ ಏಲೆರಾನ್‌ಗಳು ಸುಮಾರು 5 ಡಿಗ್ರಿ ಕೆಳಗಿಳಿದು ರೆಕ್ಕೆಗೆ ನೆರವಾಗುತ್ತವೆ. ಕಿಟಕಿಯಿಂದ ಕಾಣುವುದು ಒಂದೇ ರೆಕ್ಕೆ. ಇನ್ನೊಂದು ರೆಕ್ಕೆ ನೋಡದೆ ಹೋಲಿಕೆ ಹೇಗೆ? ಜೂನ್ 12ರ ವಿಡಿಯೊದಲ್ಲಿ ಆದದ್ದೂ ಇದೇ. 787ರ 5 ಡಿಗ್ರಿ ಫ್ಲ್ಯಾಪ್ ಹತ್ತಿರದಿಂದ ನೋಡಿದರೇ ಅಲ್ಪ. ಮಹಡಿಯೊಂದರ ಮೇಲಿಂದ ಮೊಬೈಲಿನಲ್ಲಿ ಹಿಡಿದ ಚಿತ್ರದಲ್ಲಿ ಅದು ಕಾಣದಿರುವುದು, ಅಲ್ಲಿ ಅದು ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಹಾಗೆಂದು ಪ್ರಯಾಣಿಕರ ಕಣ್ಣಿಗೆ ಬೆಲೆ ಇಲ್ಲವೆಂದಲ್ಲ. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ 737ರಲ್ಲಿ ಹಿಂದೆ ಕೂತವರು ಎಡ ಎಂಜಿನ್‌ನಿಂದ ಬೆಂಕಿ ಬರುವುದನ್ನು ಕಂಡಿದ್ದರು. ಕ್ಯಾಪ್ಟನ್ ಬಲ ಎಂಜಿನ್ ಎಂದು ಪ್ರಕಟಿಸಿದಾಗ ಯಾರೂ ಹೋಗಿ ಹೇಳಲಿಲ್ಲ. ಕೆಟ್ಟಿರದ ಎಂಜಿನ್ ಆರಿಸಲಾಗಿತ್ತು. 47 ಮಂದಿ ಸತ್ತರು. ಕಂಡದ್ದನ್ನು ಕಂಡಷ್ಟೇ ಹೇಳುವುದಕ್ಕೂ, ಕಂಡದ್ದರಿಂದ ಕಾರಣ ಹೊಸೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಸರಿ, ಫ್ಲ್ಯಾಪ್ ಲಾಕ್ ಆಯಿತು. ಮುಂದೆ? ಪೈಲಟ್‌ಗಳು ಮೊದಲು ಮಾಡುವುದು ಅವಸರ ಬಿಡುವುದು. ಇಳಿಯುವ ಪ್ರಯತ್ನ ನಿಲ್ಲಿಸಿ, ಸುರಕ್ಷಿತ ಎತ್ತರದಲ್ಲಿ ಸುತ್ತುತ್ತ ಕೈಪಿಡಿ ಓದುತ್ತಾರೆ. ಫ್ಲ್ಯಾಪ್ ಎಲ್ಲಿ ನಿಂತಿದೆ ಎಂಬುದರ ಮೇಲೆ ಹೊಸ ಇಳಿಯುವ ವೇಗ, ಆ ವೇಗಕ್ಕೆ ಬೇಕಾದ ರನ್‌ವೇ ಉದ್ದದ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ ಗಂಟೆಗೆ 250 ಕಿ.ಮೀ.ಯಲ್ಲಿ ಇಳಿಯಬೇಕಾದದ್ದು 300ರಲ್ಲಿ ಇಳಿಯಬೇಕಾಯಿತು ಎನ್ನೋಣ. ವೇಗ ಹೆಚ್ಚಿದ್ದು ಶೇ 20. ಆದರೆ ಬ್ರೇಕುಗಳು ನುಂಗಬೇಕಾದ ಚಲನಶಕ್ತಿ ಹೆಚ್ಚಿದ್ದು ಶೇ 44. ವರ್ಗದ ಲೆಕ್ಕ ಇಲ್ಲೂ ಬಿಡುವುದಿಲ್ಲ.

ನಮ್ಮ ಸಾಂಬ್ರಾ ರನ್‌ವೇ ಸುಮಾರು 2,300 ಮೀಟರ್. ಮಾಮೂಲಿ ದಿನಕ್ಕೆ ಸಾಕು. ಜುಲೈ ತಿಂಗಳ ಮಳೆಯಲ್ಲಿ, ಒದ್ದೆ ರನ್‌ವೇ ಮೇಲೆ, ಫ್ಲ್ಯಾಪ್ ಇಲ್ಲದ ವಿಮಾನಕ್ಕೆ ಸಾಕೇ ಎಂಬುದು ಬೇರೆ ಪ್ರಶ್ನೆ. ಘಟ್ಟದ ಆಚೆ ಗೋವಾದ ಮೋಪಾದಲ್ಲಿ 3,500 ಮೀಟರ್ ಇದೆ, ನೇರ ಗೆರೆಯಲ್ಲಿ ನೂರು ಕಿ.ಮೀ.ಯೂ ಇಲ್ಲ, ಆದರೆ ಕರಾವಳಿಯ ಮಳೆ ಅಲ್ಲಿ ಇನ್ನೂ ಜೋರು. ಬೆಂಗಳೂರಿನಲ್ಲಿ ತಲಾ 4,000 ಮೀಟರಿನ ಎರಡು ರನ್‌ವೇಗಳಿವೆ; ದೂರ ನಾನೂರು ಕಿ.ಮೀ.ಗೂ ಹೆಚ್ಚು. ಇಲ್ಲಿ ಇನ್ನೊಂದು ತೊಡಕು. ಹೊರಬಂದು ನಿಂತ ಫ್ಲ್ಯಾಪ್ ಗಾಳಿಯನ್ನು ತಡೆಯುತ್ತಲೇ ಇರುತ್ತದೆ. ವೇಗವಾಗಿ ಹೋಗುವಂತಿಲ್ಲ, ಎತ್ತರಕ್ಕೆ ಏರುವಂತಿಲ್ಲ, ಇಂಧನ ಸುಡುವುದು ಮಾತ್ರ ಮಾಮೂಲಿಗಿಂತ ಬಹಳ ಹೆಚ್ಚು. ಉದ್ದದ ರನ್‌ವೇ ಬೇಕು ಎಂದು ಹೊರಟವನಿಗೆ ಅಲ್ಲಿಯವರೆಗೆ ಇಂಧನ ಸಾಕೇ ಎಂಬುದೂ ನೋಡಬೇಕು. ಈ ಲೆಕ್ಕವನ್ನು ಎರಡು ತಲೆಗಳು ಸೇರಿ, ಒಬ್ಬರು ಹಾರಿಸುತ್ತ ಇನ್ನೊಬ್ಬರು ಓದುತ್ತ ಮಾಡಬೇಕು. ಅಷ್ಟೆಲ್ಲ ಮಾಡಿ ವಿಮಾನ ಸುರಕ್ಷಿತವಾಗಿ ಇಳಿದರೆ ಮರುದಿನದ ಶೀರ್ಷಿಕೆ: ‘ತಪ್ಪಿದ ಭಾರೀ ಅನಾಹುತ’. ಈ ಪುಟದ ಸಂಪಾದಕರು ಕ್ಷಮಿಸಬೇಕು, ಆ ಶೀರ್ಷಿಕೆ ನನಗೆ ಅರ್ಥವಾಗುವುದಿಲ್ಲ. ಅನಾಹುತ ತಾನಾಗಿ ತಪ್ಪಿದ್ದಲ್ಲ. ಒಂದು ಸೆನ್ಸರ್ ನೋಡಿತು, ಒಂದು ಬ್ರೇಕ್ ಹಿಡಿಯಿತು, ಇಬ್ಬರು ಓದಿದರು.

ಇನ್ನು ಹೋಲಿಸುವ ವ್ಯವಸ್ಥೆಯೇ ಕುರುಡಾದರೆ ಏನಾಗುತ್ತದೆ ಎಂಬುದಕ್ಕೆ 1979ರ ಮೇ 25ರ ಷಿಕಾಗೊ ದುರಂತಕ್ಕಿಂತ ದೊಡ್ಡ ಪಾಠವಿಲ್ಲ. ಅಮೆರಿಕನ್ ಏರ್‌ಲೈನ್ಸ್‌ನ 191ನೇ ಯಾನ, ಡಿಸಿ-10 ವಿಮಾನ. ನೆಲಬಿಡುವ ಹೊತ್ತಿಗೆ ಎಡ ಎಂಜಿನ್ ತನ್ನ ಕಂಬದ ಸಮೇತ ಕಿತ್ತುಬಂತು. ಕೀಳುವಾಗ ರೆಕ್ಕೆಯ ಮುಂದಿನ ಅಂಚಿನ ಹೈಡ್ರಾಲಿಕ್ ಕೊಳವೆಗಳನ್ನೂ ಹರಿದುಕೊಂಡು ಹೋಯಿತು. ಸ್ಲ್ಯಾಟ್‌ಗಳನ್ನು ಹೊರಗೆ ಹಿಡಿದಿಟ್ಟಿದ್ದುದು ಆ ಎಣ್ಣೆಯ ಒತ್ತಡವೇ. ಒತ್ತಡ ಹೋದ ಕೂಡಲೇ ಎಡ ರೆಕ್ಕೆಯ ಹೊರಭಾಗದ ಸ್ಲ್ಯಾಟ್‌ಗಳನ್ನು ಗಾಳಿ ಒಳಗೆ ದೂಡಿತು. ಬಲಗಡೆಯವು ಹೊರಗೇ ಇದ್ದವು. ಸ್ಲ್ಯಾಟ್ ಹೊಂದುತ್ತಿಲ್ಲ ಎಂದು ಎಚ್ಚರಿಸುವ ದೀಪವೂ ಇತ್ತು, ವಿಮಾನ ಎತ್ತುವ ಬಲ ಕಳೆದುಕೊಳ್ಳಲಿದೆ ಎಂದು ಸನ್ನೆಯನ್ನು ನಡುಗಿಸುವ ಸಾಧನವೂ ಇತ್ತು. ಎರಡಕ್ಕೂ ಕರೆಂಟ್ ಬರುತ್ತಿದ್ದುದು ಕಿತ್ತುಹೋದ ಎಂಜಿನ್ನಿನ ಜನರೇಟರಿನಿಂದ.

ಕಾಕ್‌ಪಿಟ್‌ನಿಂದ ರೆಕ್ಕೆ ಕಾಣುವುದಿಲ್ಲ. ಪೈಲಟ್‌ಗಳು ತಮಗೆ ಗೊತ್ತಿದ್ದ ಒಂದೇ ತೊಂದರೆಗೆ, ಎಂಜಿನ್ ಹೋಗಿದೆ ಎಂಬುದಕ್ಕೆ, ಕೈಪಿಡಿ ಹೇಳಿದಂತೆ ವೇಗ ತಗ್ಗಿಸಿದರು. ಆ ವೇಗ ಬಲ ರೆಕ್ಕೆಗೆ ಸಾಕಿತ್ತು, ಎಡಕ್ಕೆ ಸಾಲಲಿಲ್ಲ. ವಿಮಾನ ಎಡಕ್ಕೆ ಮಗುಚಿತು. ನೆಲಬಿಟ್ಟು 31 ಸೆಕೆಂಡ್. ವಿಮಾನದಲ್ಲಿದ್ದ 271 ಮಂದಿ, ನೆಲದ ಮೇಲಿದ್ದ ಇಬ್ಬರು ಸತ್ತರು. ಎಂಜಿನ್ ಕಿತ್ತದ್ದು ಯಾಕೆ ಎಂದು ಹುಡುಕಿದಾಗ ಸಿಕ್ಕಿದ್ದು ವರ್ಕ್‌ಶಾಪ್: ಸಮಯ ಉಳಿಸಲು ಎಂಜಿನ್ನನ್ನೂ ಅದರ ಕಂಬವನ್ನೂ ಒಟ್ಟಿಗೇ ಫೋರ್ಕ್‌ಲಿಫ್ಟ್‌ನಿಂದ ಇಳಿಸಿ ಏರಿಸುವ ಅಡ್ಡದಾರಿ. ಆಗ ಬಿದ್ದ ಬಿರುಕು ಎಂಟು ವಾರ ಹಾರಾಡಿಕೊಂಡೇ ಇತ್ತು.

ಇದರಿಂದ ನನಗೆ ಕಾಣುವುದು ಇಷ್ಟು: ಆಕಾಶದಲ್ಲಿ ಸೆನ್ಸರ್ ಹಿಡಿಯುವುದು ಕೊನೆಯ ಹಂತದ ತಪ್ಪನ್ನು. ತಪ್ಪು ಹುಟ್ಟುವುದು ನೆಲದ ಮೇಲೆ, ಶಿಫ್ಟ್ ಮುಗಿಯುವ ಹೊತ್ತಿನಲ್ಲಿ.

ತೀರಾ ಇತ್ತೀಚಿನ ಉದಾಹರಣೆ 2019ರದು. ಆ ವರ್ಷ ಜೂನ್ 2ರಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. 737ರ ರೆಕ್ಕೆಯ ಮುಂದಿನ ಸ್ಲ್ಯಾಟ್‌ಗಳನ್ನು ಹಿಡಿದು ಸರಿಸುವ ಹಳಿಗಳಲ್ಲಿ, ಒಂದೇ ಬಿಡಿಭಾಗ ಪೂರೈಕೆದಾರ ಮಾಡಿದ 148ರವರೆಗಿನ ತುಂಡುಗಳು ದೋಷಯುಕ್ತ ಆಗಿರಬಹುದು; ಅವು ಜಗತ್ತಿನಾದ್ಯಂತ 312 ವಿಮಾನಗಳಲ್ಲಿ ಸೇರಿಕೊಂಡಿರಬಹುದು, ಹತ್ತು ದಿನದೊಳಗೆ ಪರೀಕ್ಷಿಸಬೇಕು ಎಂದಿತು. ಡಿಸೆಂಬರ್‌ನಲ್ಲಿ ಅದೇ ಸಂಸ್ಥೆ ಬೋಯಿಂಗ್ ಮೇಲೆ 39 ಲಕ್ಷ ಡಾಲರಿಗೂ ಹೆಚ್ಚಿನ ದಂಡ ಪ್ರಸ್ತಾಪಿಸಿತು.

ದೋಷವೇನು? ಅಳತೆ ತಪ್ಪಿರಲಿಲ್ಲ. ಕಣ್ಣಿಗೆ ಕಾಣುವ ಬಿರುಕೂ ಅಲ್ಲ. ತುಕ್ಕು ಹಿಡಿಯದಿರಲಿ ಎಂದು ಕ್ಯಾಡ್ಮಿಯಮ್-ಟೈಟಾನಿಯಮ್ ಲೇಪನ ಮಾಡುವಾಗ ಉಕ್ಕಿನೊಳಗೆ ಹೈಡ್ರೋಜನ್ ಹೊಕ್ಕು ಅದನ್ನು ಪೆಡಸು ಮಾಡಿತ್ತು. ಮೆಟೀರಿಯಲ್ ಸೈನ್ಸ್ ಓದಿದವರಿಗೆ ಇದು ಒಂದೆರಡು ಅಂಕದ ಪ್ರಶ್ನೆ. ಗಟ್ಟಿ ಉಕ್ಕನ್ನು ಲೇಪನದ ತೊಟ್ಟಿಯಿಂದ ತೆಗೆದ ಕೆಲವೇ ಗಂಟೆಗಳೊಳಗೆ ಒಲೆಯಲ್ಲಿಟ್ಟು, 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ದೀರ್ಘಕಾಲ ಬೇಯಿಸಬೇಕು. ಆಗ ಹೈಡ್ರೋಜನ್ ಹೊರಹೋಗುತ್ತದೆ. ತಡವಾದರೆ, ಅಥವಾ ಬೇಗ ತೆಗೆದರೆ, ತುಂಡು ನೋಡಲು ಅಷ್ಟೇ ಚೆಂದ, ಅಳತೆಗೂ ಅಷ್ಟೇ ಸರಿ. ಭಾರ ಬಿದ್ದಾಗ, ಎಂದೋ ಒಂದು ದಿನ, ಸೂಚನೆ ಕೊಡದೆ ಮುರಿಯುತ್ತದೆ. ಇಂಥ ತುಂಡು ಸರಿಯಿದೆಯೇ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಆದ್ದರಿಂದ ಅದೇ ತೊಟ್ಟಿಯಲ್ಲಿ ಲೇಪಿಸಿದ, ಗಾಡಿ ಕೊರೆದ ಮಾದರಿ ತುಂಡುಗಳನ್ನು ಭಾರ ಕಟ್ಟಿ 200 ಗಂಟೆ ಎಳೆದಿಡುತ್ತಾರೆ. ಎಂಟು ದಿನ ದಾಟಿ ಒಂಬತ್ತನೇ ದಿನಕ್ಕೆ. ಮುರಿಯದಿದ್ದರೆ ಪಾಸ್.

ಈಗ ಯೋಚಿಸಿ. ಎಡ-ಬಲ ಹೋಲಿಸುವ ಕಂಪ್ಯೂಟರಿಗೆ ಈ ದೋಷ ಮೊದಲೇ ಗೊತ್ತಾಗುವ ದಾರಿಯೇ ಇಲ್ಲ. ಮುರಿದು ಫ್ಲ್ಯಾಪೋ ಸ್ಲ್ಯಾಟೋ ಓರೆಯಾದ ಮೇಲಷ್ಟೇ ಗೊತ್ತು. ಅದಕ್ಕೆ ಮೊದಲು ಗೊತ್ತಿರುವುದು ಒಲೆಯ ಪಕ್ಕದ ಪುಸ್ತಕಕ್ಕೆ ಮಾತ್ರ: ತೊಟ್ಟಿಯಿಂದ ತೆಗೆದದ್ದು ಎಷ್ಟು ಗಂಟೆಗೆ, ಒಲೆಗಿಟ್ಟದ್ದು ಎಷ್ಟು ಗಂಟೆಗೆ, ಸಹಿ ಯಾರದು. ಆ ಪುಸ್ತಕದಲ್ಲಿ ಬರೆಯುವವರು ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಡಿಪ್ಲೊಮಾ, ಬಿ.ಇ. ಹುಡುಗ ಹುಡುಗಿಯರು. ಅಂದರೆ ನಾವು.

ಹಾಗಾಗಿ ನನಗೆ ಚಿಂತೆ ಇರುವುದು ನಮ್ಮ ಲ್ಯಾಬುಗಳ ಬಗ್ಗೆ. ಎಷ್ಟೋ ಕಾಲೇಜುಗಳಲ್ಲಿ ನಡೆಯುವ ಒಂದು ರೂಢಿ ಇಂಜಿನಿಯರಿಂಗ್ ಓದಿದ ಎಲ್ಲರಿಗೂ ಗೊತ್ತು. ಬರಬೇಕಾದ ಉತ್ತರ ಹಿಂದಿನ ಬ್ಯಾಚಿನ ರೆಕಾರ್ಡ್ ಪುಸ್ತಕದಲ್ಲಿರುತ್ತದೆ. ಯಂತ್ರ ಕೊಟ್ಟ ರೀಡಿಂಗ್ ಅದಕ್ಕೆ ಹೊಂದದಿದ್ದರೆ ರೀಡಿಂಗನ್ನೇ ತಿದ್ದುತ್ತಾರೆ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಐದು ರೀಡಿಂಗ್ ಹುಟ್ಟಿಸುತ್ತಾರೆ, ನೈಜವಾಗಿ ಕಾಣಲೆಂದು ಎರಡು ಕಡೆ ಸ್ವಲ್ಪ ಆಚೀಚೆ ಮಾಡುತ್ತಾರೆ. ಹತ್ತಕ್ಕೆ ಒಂಬತ್ತು ಅಂಕ. ಉಪಕರಣ ಕೆಟ್ಟಿದೆ, ಈ ಪ್ರಯೋಗದ ಫಲಿತಾಂಶ ಹೊಂದುತ್ತಿಲ್ಲ ಎಂದು ಪ್ರಾಮಾಣಿಕವಾಗಿ ಬರೆದವನಿಗೆ ‘ರಿಪೀಟ್’. ಎಡಮುಳ್ಳು ಬಲಮುಳ್ಳು ಬೇರೆಯಾದಾಗ ಒಂದನ್ನು ಬೆರಳಿನಿಂದ ಸರಿಸಿ ಇನ್ನೊಂದರ ಮೇಲೆ ಕೂರಿಸಿದ ಹಾಗೆ.

ಜೂನ್ 12ರ ಸಂಜೆ ಕೆಂಪು ವೃತ್ತ ಹಾಕಿದವರನ್ನು ನೋಡಿ ನಗುವುದು ಸುಲಭ. ಅವರು ಮಾಡಿದ್ದು ಇದನ್ನೇ, ಉತ್ತರ ಮೊದಲು ಹಿಡಿದು ಚಿತ್ರವನ್ನು ಅದಕ್ಕೆ ಹೊಂದಿಸಿದರು. ವ್ಯತ್ಯಾಸವೆಂದರೆ ಅವರ ತಪ್ಪಿಗೆ ಒಂದು ತಿಂಗಳಲ್ಲಿ ದತ್ತಾಂಶ ಉತ್ತರ ಹೇಳಿತು, ಅಷ್ಟರೊಳಗೆ ಸತ್ತ ಇಬ್ಬರು ಪೈಲಟ್‌ಗಳ ಮನೆಯವರು ಏನೆಲ್ಲ ಕೇಳಬೇಕಾಯಿತೋ. ಒಲೆಯ ಪುಸ್ತಕದ ತಪ್ಪಿಗೆ ಉತ್ತರ ಹೇಳಲು ವರ್ಷಗಳು ಹಿಡಿಯಬಹುದು.

ಪರಿಹಾರ ದೊಡ್ಡದೇನೂ ಬೇಡ. ಮೆಟ್ರಾಲಜಿ ಲ್ಯಾಬಿನಲ್ಲಿ ಸರಿಯಾದ ಉತ್ತರಕ್ಕಲ್ಲದೆ ಸರಿಯಾಗಿ ತೆಗೆದ ರೀಡಿಂಗಿಗೆ ಅಂಕ ಕೊಡುವ ಪದ್ಧತಿ ತಂದರೆ ಸಾಕು. ಬೇಕೆಂದೇ ಶೂನ್ಯದೋಷ ಇರುವ ಒಂದು ವರ್ನಿಯರ್ ಕೊಟ್ಟು, ಯಾರು ಕಂಡುಹಿಡಿದು ಬರೆಯುತ್ತಾರೆ ಎಂದು ನೋಡಲಿ. ‘ಹೊಂದುತ್ತಿಲ್ಲ’ ಎಂದು ಬರೆದ ಪುಟಕ್ಕೂ ಪೂರ್ಣ ಅಂಕ ಇರಲಿ. ವಿಟಿಯು ಕೇಂದ್ರ ಕಚೇರಿ ನಮ್ಮೂರಲ್ಲೇ ಇದೆ, ಮಚ್ಛೆಯಲ್ಲಿ; ಹತ್ತರಗಿಗೆ ಅಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ ಇರಬಹುದು. ಪಠ್ಯಕ್ರಮ ಬರೆಯುವವರು ಒಂದು ದಿನ ಅತ್ತ ಹೋಗಿ, ತಪಾಸಣಾ ವಿಭಾಗದ ಕಿರಿಯ ನೌಕರರ ಪಕ್ಕ ಒಂದು ಪೂರ್ತಿ ಶಿಫ್ಟ್ ನಿಂತು ಬರಲಿ. ಆಮೇಲೆ ಲ್ಯಾಬ್ ಪರೀಕ್ಷೆಯ ಅಂಕಪಟ್ಟಿ ಬರೆಯಲಿ.